ಬಲ್ಬ್ ಉರಿಯುತ್ತಿದೆ, ಮರಿ ನಡುಗುತ್ತಿದೆ: ಕೊಡಗಿನ ಥಂಡಿಯಲ್ಲಿ ಕೋಳಿಮರಿ ಕಾವಿನ ದೋಷ ಹುಡುಕುವುದು

ಹೂಮರಿ, ಅಂದರೆ ಆಗಷ್ಟೇ ಮೊಟ್ಟೆಯೊಡೆದ ಕೋಳಿಮರಿ, ತಂದ ಮೂರು ನಾಲ್ಕು ದಿನಕ್ಕೆ ಒಂದೊಂದಾಗಿ ಸೊರಗಲು ಶುರುವಾದರೆ ನಮ್ಮ ಕಡೆ ಜನ ಮೊದಲು ಕೇಳುವುದು ಔಷಧಿ. ಔಷಧಿಗೆ ಬಗ್ಗದಿದ್ದರೆ ಇನ್ನೊಂದು ಬಲ್ಬ್ ನೇತು ಹಾಕುತ್ತಾರೆ. ಬಹಳ ಮನೆಗಳಲ್ಲಿ ಎರಡೂ ಬೇಕಾಗಿರುವುದಿಲ್ಲ. ಕಾವು ಇರುತ್ತದೆ, ಆದರೆ ಮರಿಯ ಮೈಯಲ್ಲಿ ನಿಲ್ಲುವುದಿಲ್ಲ. ಸಿಮೆಂಟ್ ನೆಲ ಅರ್ಧ ಎಳೆದುಕೊಳ್ಳುತ್ತದೆ, ಬಾಗಿಲ ಸಂದಿಯ ಗಾಳಿ ಇನ್ನಷ್ಟು ಒಯ್ಯುತ್ತದೆ, ಉಳಿದದ್ದನ್ನು ಅಡಿಗೆ ಹಾಸಿದ ಭತ್ತದ ಹೊಟ್ಟು ಒದ್ದೆಯಾಗಿ ಮುಗಿಸುತ್ತದೆ. ಅದನ್ನು ಸರಿ ಮಾಡದೆ ವಾಟ್ ಏರಿಸುವುದು ಒಡೆದ ಕೊಡಕ್ಕೆ ನೀರು ಹೊಯ್ದ ಹಾಗೆ.

ಇಲ್ಲಿ ಬರೆದಿರುವುದು ಮನೆ ಹತ್ತಿರ 25ರಿಂದ 100 ಮರಿ ಸಾಕುವವರಿಗೆ. ಗಿರಿರಾಜ, ಸ್ವರ್ಣಧಾರ, ನಾಟಿ ಯಾವ ತಳಿಯಾದರೂ ಆಗಬಹುದು, ಕಡಿಮೆ ಎಂದರೂ ಮೊದಲ ಮೂರು ವಾರ ಎಲ್ಲಕ್ಕೂ ಕಾವು ಬೇಕೇ ಬೇಕು. ಕುಶಾಲನಗರದ ಕಡೆ ಒಣ ಹವೆ, ಅಲ್ಲಿಯವರಿಗೆ ಕೆಲಸ ಸ್ವಲ್ಪ ಸುಲಭ. ಮಡಿಕೇರಿ, ಭಾಗಮಂಡಲ, ನಾಪೋಕ್ಲು ಕಡೆಯವರು ಮಳೆಗಾಲದಲ್ಲಿ ಮರಿ ಇಳಿಸುವುದಾದರೆ ಒದ್ದೆಯ ಬಗ್ಗೆ ಬರೆದ ಭಾಗವನ್ನು ("ಥರ್ಮಾಮೀಟರ್ ಸರಿ ಹೇಳುತ್ತದೆ" ಎಂಬಲ್ಲಿದೆ) ಮೊದಲು ಓದಿ.

ಮರಿಗೆ ಎಷ್ಟು ಕಾವು ಬೇಕು

ಮೊಟ್ಟೆಯಿಂದ ಈಚೆ ಬಂದ ಮರಿಯ ಮೈಮೇಲೆ ಇರುವುದು ತುಪ್ಪಳ, ಗರಿಯಲ್ಲ. ತನ್ನ ಮೈಬಿಸಿಯನ್ನು ತಾನೇ ಕಾಯ್ದುಕೊಳ್ಳಲು ಅದಕ್ಕೆ ಸುಮಾರು ಎರಡು ವಾರ ಹಿಡಿಯುತ್ತದೆ. ಅಲ್ಲಿಯ ತನಕ ಹೊರಗಿನ ಕಾವೇ ಗತಿ. ಮೊದಲ ವಾರ 33ರಿಂದ 35 ಡಿಗ್ರಿ ಸೆಲ್ಸಿಯಸ್ ಇರಬೇಕು. ಆಮೇಲೆ ವಾರಕ್ಕೆ 3 ಡಿಗ್ರಿಯಷ್ಟು ಇಳಿಸುತ್ತಾ ಹೋಗಿ 21 ಡಿಗ್ರಿ ಆಸುಪಾಸಿಗೆ ತಂದು ನಿಲ್ಲಿಸುವುದು. ಜುಲೈ ತಿಂಗಳಲ್ಲಿ ಮಡಿಕೇರಿಯಲ್ಲಿ ಹಗಲು ಹೊತ್ತೇ 20 ಡಿಗ್ರಿ ದಾಟುವುದು ಕಷ್ಟ ಅಲ್ವಾ? ಅಂದರೆ ಹೊರಗಿನ ಹವೆಗೂ ಮರಿಗೆ ಬೇಕಾದ ಕಾವಿಗೂ 15 ಡಿಗ್ರಿ ವ್ಯತ್ಯಾಸ. ಆ 15 ಡಿಗ್ರಿಯನ್ನು ನಾವು ಹಗಲು ರಾತ್ರಿ ಹಿಡಿದಿಡಬೇಕು.

ಇನ್ನೊಂದು ವಿಷಯ ತಿಳಿದಿದ್ದರೆ ದೋಷ ಹುಡುಕುವುದು ಸುಲಭವಾಗುತ್ತದೆ. ಮರಿಯ ಹೊಟ್ಟೆಯೊಳಗೆ ಮೊಟ್ಟೆಯ ಹಳದಿ ಸ್ವಲ್ಪ ಉಳಿದಿರುತ್ತದೆ. ಎರಡು ಮೂರು ದಿನ ಅದರ ಮೇಲೇ ಮರಿ ಬದುಕಬಲ್ಲದು. ಬಂದ ದಿನವೇ ಥಂಡಿ ತಾಗಿದ ಮರಿ ಮೂಲೆಯಲ್ಲಿ ಮುದುಡಿ ನಿಲ್ಲುತ್ತದೆ. ಮೇವಿನ ಹತ್ತಿರ ಹೋಗುವುದಿಲ್ಲ, ನೀರು ಕಲಿಯುವುದಿಲ್ಲ. ಆದರೂ ಬದುಕಿರುತ್ತದೆ, ನಾವು ಎಲ್ಲ ಸರಿ ಇದೆ ಅಂದುಕೊಳ್ಳುತ್ತೇವೆ. ಹಳದಿ ಮುಗಿದ ಮೇಲೆ, ನಾಲ್ಕನೇ ಐದನೇ ದಿನ ಸಾಯುತ್ತದೆ. ಹಾಗಾಗಿ ನಾಲ್ಕನೇ ದಿನದ ಸಾವಿಗೆ ನಾಲ್ಕನೇ ದಿನದ ಮೇವನ್ನೋ ನೀರನ್ನೋ ದೂರಬೇಡಿ. ಮೊದಲ ರಾತ್ರಿ ಕಾವು ಹೇಗಿತ್ತು ಎಂದು ನೆನಪು ಮಾಡಿಕೊಳ್ಳಿ.

ಐದು ನಿಮಿಷ ಸುಮ್ನೆ ನಿಂತು ನೋಡಿ

ಹಗಲಿನಲ್ಲಿ ನೋಡಿದರೆ ಎಲ್ಲ ಗೂಡುಗಳೂ ಚೆನ್ನಾಗಿಯೇ ಕಾಣುತ್ತವೆ. ರಾತ್ರಿ ಒಂಬತ್ತು ಹತ್ತರ ಹೊತ್ತಿಗೆ, ಮತ್ತೆ ಬೆಳಗಿನ ಜಾವ, ಸದ್ದು ಮಾಡದೆ ಹೋಗಿ ನಿಲ್ಲಿ. ಟಾರ್ಚ್ ಹಾಕಬೇಡಿ. ಮರಿಗಳು ಎಲ್ಲಿ ಮಲಗಿವೆ, ಹೇಗೆ ಕೂಗುತ್ತಿವೆ, ಇಷ್ಟೇ ನೋಡಬೇಕು.

ಅಲ್ಲೊಂದು ಇಲ್ಲೊಂದು ಚದುರಿ ಮಲಗಿ ಸಣ್ಣಗೆ ಗುಯ್‌ಗುಡುತ್ತಿದ್ದರೆ ಕಾವು ಸರಿ ಇದೆ. ಬಲ್ಬಿನ ಕೆಳಗೆ ಒಂದರ ಮೇಲೊಂದು ಬಿದ್ದು ಚೀಂವ್ ಚೀಂವ್ ಎಂದು ಜೋರಾಗಿ ಕಿರುಚುತ್ತಿದ್ದರೆ ಕಾವು ಸಾಲುತ್ತಿಲ್ಲ. ಎಲ್ಲವೂ ಒಂದೇ ಬದಿಗೆ ಸರಿದಿದ್ದರೆ ಎದುರು ಬದಿಯಿಂದ ಗಾಳಿ ನುಗ್ಗುತ್ತಿದೆ. ಬಲ್ಬಿನಿಂದ ಆದಷ್ಟು ದೂರ ಹೋಗಿ ಗೂಡಿನ ಸುತ್ತಲ ತಡೆಗೆ ಒತ್ತಿಕೊಂಡು, ರೆಕ್ಕೆ ಇಳಿಬಿಟ್ಟು, ಬಾಯಿ ತೆರೆದಿದ್ದರೆ ಸೆಖೆ. ಥರ್ಮಾಮೀಟರ್ ಬೇಕು, ಆದರೆ ಅದಕ್ಕೂ ಮರಿಗೂ ಜಗಳ ಬಂದರೆ ನಾನು ಮರಿಯನ್ನೇ ನಂಬುತ್ತೇನೆ.

ಮರಿಯನ್ನು ಕೈಗೆ ತೆಗೆದುಕೊಂಡು ಎರಡು ಪರೀಕ್ಷೆ ಮಾಡಿ. ಅದರ ಪಾದವನ್ನು ನಿಮ್ಮ ಕೆನ್ನೆಗೋ ಕುತ್ತಿಗೆಗೋ ಒತ್ತಿ ಹಿಡಿಯಿರಿ. ಬೆಚ್ಚಗಿದ್ದರೆ ನೆಲ ಬೆಚ್ಚಗಿದೆ. ತಣ್ಣಗಿದ್ದರೆ ಮೇಲಿನಿಂದ ಎಷ್ಟೇ ಬಿಸಿ ಬಿದ್ದರೂ ಕೆಳಗಿನಿಂದ ಕಾವು ಹೋಗುತ್ತಿದೆ. ಇನ್ನೊಂದು, ಕತ್ತಿನ ಬುಡದಲ್ಲಿರುವ ಮೇವಿನ ಚೀಲ. ತಂದು ಬಿಟ್ಟ ಎಂಟು ಹತ್ತು ಗಂಟೆಗೆ ಅದನ್ನು ಬೆರಳ ತುದಿಯಲ್ಲಿ ಮುಟ್ಟಿ ನೋಡಿದರೆ ದುಂಡಗೆ, ಮೆತ್ತಗೆ ತುಂಬಿರಬೇಕು. ಖಾಲಿ ಇದ್ದರೆ ಮರಿ ತಿಂದಿಲ್ಲ. ಗಟ್ಟಿ ಇದ್ದರೆ ಮೇವು ತಿಂದಿದೆ, ನೀರು ಸಿಕ್ಕಿಲ್ಲ. ಹತ್ತು ಮರಿಗಳಲ್ಲಿ ಮೂರು ನಾಲ್ಕರ ಚೀಲ ಖಾಲಿ ಇದ್ದರೆ ಅದೇ ರಾತ್ರಿ ಕಾವು ಸರಿ ಮಾಡಿ, ಬೆಳಗಿನ ತನಕ ಕಾಯಬೇಡಿ.

ಬಲ್ಬಿನ ಕೆಳಗೆ ಮುದ್ದೆಯಾಗಿ ಕಿರುಚುತ್ತಿದ್ದರೆ

ಮೊದಲು ಬಲ್ಬ್ ಯಾವುದು ನೋಡಿ. ನಾಪೋಕ್ಲು ಕಡೆಯ ಅಕ್ಕ ಒಬ್ಬರು ಫೋನ್ ಮಾಡಿ, "ಅಣ್ಣಾ, ಬಲ್ಬ್ ರಾತ್ರಿಯೆಲ್ಲ ಉರೀತಾನೇ ಇದೆ, ಆದ್ರೂ ಮರಿ ಒಂದರ ಮೇಲೊಂದು ಬೀಳ್ತಾವೆ" ಎಂದರು. "ಕೈ ಅಡಿಯಲ್ಲಿ ಹಿಡಿದ್ರೆ ಬಿಸಿ ಆಗ್ತದಾ ಅಕ್ಕಾ?" ಎಂದು ಕೇಳಿದೆ. "ಇಲ್ಲ, ಬೆಳಕು ಮಾತ್ರ ಜೋರು." ನೇತು ಹಾಕಿದ್ದು ಎಲ್‌ಇಡಿ ಬಲ್ಬ್. 9 ವಾಟಿನ ಎಲ್‌ಇಡಿ ಬಲ್ಬಿನ ಬೆಳಕು ಸಾಕಷ್ಟಿರುತ್ತದೆ, ಆದರೆ ಅದು ಕೊಡುವ ಶಾಖ ಯಾವ ಲೆಕ್ಕಕ್ಕೂ ಇಲ್ಲ. ಒಳಗೆ ತಂತಿ ಕಾಯುವ ಹಳೇ ಗುಂಡು ಬಲ್ಬಿನಲ್ಲಿ ಕರೆಂಟಿನ ಹತ್ತರಲ್ಲಿ ಒಂಬತ್ತು ಪಾಲಿಗಿಂತ ಜಾಸ್ತಿ ಶಾಖವಾಗಿಯೇ ಹೋಗುತ್ತದೆ. ಮನೆ ಬೆಳಕಿಗೆ ಅದು ದಂಡ, ಮರಿಗೆ ಅದೇ ಬೇಕು. ಅಂಗಡಿಯಲ್ಲಿ ಕೇಳುವಾಗ "ತಂತಿ ಬಲ್ಬ್, ಬಿಸಿ ಆಗುವಂಥದ್ದು" ಎಂದೇ ಹೇಳಿ. ಸಿಎಫ್‌ಎಲ್ ಕೂಡ ಈ ಕೆಲಸಕ್ಕೆ ಬರುವುದಿಲ್ಲ.

ಬಲ್ಬ್ ಸರಿ ಇದ್ದರೆ ವಾಟ್ ಲೆಕ್ಕ ಮಾಡಿ. ಒಂದು ಮರಿಗೆ 2 ವಾಟ್ ಎಂಬುದು ರೂಢಿಯ ಲೆಕ್ಕ. ಮಳೆಗಾಲದಲ್ಲಿ ಬೆಟ್ಟದ ಕಡೆ 3 ವಾಟ್ ತನಕ ಹೋಗಬೇಕಾದೀತು. 50 ಮರಿಗೆ ಒಂದು 100 ವಾಟಿನ ಬಲ್ಬಿಗಿಂತ ಎರಡು 60 ವಾಟಿನದ್ದು ನನಗೆ ಇಷ್ಟ. ನಡುರಾತ್ರಿ ಒಂದು ಬಲ್ಬ್ ಸುಟ್ಟು ಹೋದರೂ ಇನ್ನೊಂದು ಉರಿಯುತ್ತಿರುತ್ತದೆ. ಒಂದೇ ಬಲ್ಬ್ ನಂಬಿದವರು ಒಂದೇ ರಾತ್ರಿಯಲ್ಲಿ ಇಡೀ ಗುಂಪನ್ನು ಕಳೆದುಕೊಳ್ಳಬಹುದು.

ಆಮೇಲೆ ವೋಲ್ಟೇಜ್. ಇದನ್ನು ನೋಡುವವರು ಕಡಿಮೆ. ಲೈನಿನ ಕೊನೆಯಲ್ಲಿರುವ ತೋಟದ ಮನೆಗಳಲ್ಲಿ ಸಂಜೆ ಹೊತ್ತು, ಎಲ್ಲರ ಪಂಪು ಮಿಕ್ಸಿ ಓಡುವಾಗ, 230 ವೋಲ್ಟ್ ಬರಬೇಕಾದ್ದು 180ಕ್ಕೆ ಇಳಿಯುವುದುಂಟು. 180 ವೋಲ್ಟಿನಲ್ಲಿ 100 ವಾಟಿನ ಬಲ್ಬ್ ಕೊಡುವುದು ಸುಮಾರು 70 ವಾಟಿನಷ್ಟು ಮಾತ್ರ. ಬೆಳಕು ಕೆಂಪಗೆ ಮಂಕಾಗಿ ಕಂಡರೆ ಇದೇ ಕಾರಣ ಎಂದು ತಿಳಿಯಿರಿ. ಬಲ್ಬನ್ನು ತುಂಬಾ ಕೆಳಗೆ ಇಳಿಸುವುದಕ್ಕಿಂತ ಸಂಜೆಗೆಂದೇ ಇನ್ನೊಂದು ಬಲ್ಬ್ ಸ್ವಿಚ್ಚಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

60, 100 ವಾಟಿನ ಬಲ್ಬ್ ಮೊದಲ ವಾರ ಹೊಟ್ಟಿನಿಂದ ಒಂದಡಿ ಮೇಲಿರಲಿ. ಆಮೇಲೆ ವಾರಕ್ಕೆ ಎರಡು ಮೂರು ಇಂಚು ಏರಿಸಿ. 250 ವಾಟಿನ ಕೆಂಪು ಇನ್‌ಫ್ರಾರೆಡ್ ಬಲ್ಬ್ ಆದರೆ ಒಂದೂವರೆ ಅಡಿಗಿಂತ ಕೆಳಗೆ ಬೇಡವೇ ಬೇಡ.

ಇಷ್ಟೂ ಸರಿ ಇದ್ದು ಪಾದ ತಣ್ಣಗಿದ್ದರೆ ದೋಷ ನೆಲದ್ದು. ಸಿಮೆಂಟ್ ನೆಲದ ಮೇಲೆ ಬರೀ ಪೇಪರ್ ಹಾಸಿ ಮರಿ ಬಿಟ್ಟರೆ ಹೀಗೇ ಆಗುವುದು. ಕೆಳಗೆ ಒಣ ಗೋಣಿಚೀಲ ಅಥವಾ ದಪ್ಪ ರಟ್ಟು, ಅದರ ಮೇಲೆ ಎರಡು ಮೂರು ಇಂಚು ಭತ್ತದ ಹೊಟ್ಟು ಬೇಕು. ಮತ್ತೆ ಮರಿ ಬರುವ ದಿನ ಬಲ್ಬ್ ಹಾಕಿದರೆ ಸಾಲದು, ಹಿಂದಿನ ದಿನವೇ ಹಾಕಿ ಹೊಟ್ಟು, ನೆಲ, ನೀರು ಎಲ್ಲ ಬೆಚ್ಚಗಾಗಿರಬೇಕು. ಮೈಸೂರಿನಿಂದ ಪೆಟ್ಟಿಗೆಯಲ್ಲಿ ಘಾಟಿ ಹತ್ತಿ ಬಂದ ಮರಿ ಮೊದಲೇ ದಣಿದಿರುತ್ತದೆ. ಅದನ್ನು ತಣ್ಣನೆ ಹೊಟ್ಟಿನ ಮೇಲೆ ಬಿಟ್ಟರೆ ಅಲ್ಲಿಂದಲೇ ತೊಂದರೆ ಶುರು.

ಎಲ್ಲವೂ ಒಂದೇ ಬದಿಗೆ ಸರಿದಿದ್ದರೆ

ಇದಕ್ಕೆ ಬೇಕಾದ ಸಾಮಾನು ದೇವರ ಮನೆಯಲ್ಲಿದೆ. ಒಂದು ಊದುಬತ್ತಿ ಹಚ್ಚಿ, ಹೊಟ್ಟಿನಿಂದ ಎರಡು ಮೂರು ಇಂಚು ಮೇಲೆ, ಮರಿಯ ಬೆನ್ನಿನ ಎತ್ತರದಲ್ಲಿ ಹಿಡಿದು ಗೂಡಿನ ಸುತ್ತ ನಿಧಾನಕ್ಕೆ ಒಂದು ಸುತ್ತು ಬನ್ನಿ. ಕಿಡಿ ಹೊಟ್ಟಿಗೆ ಬೀಳದಿರಲಿ. ಹೊಗೆ ನೆಟ್ಟಗೆ ಮೇಲೆ ಹೋದರೆ ಆ ಜಾಗ ಸರಿ. ಎಲ್ಲಿ ಹೊಗೆ ಅಡ್ಡಕ್ಕೆ ಮಲಗುತ್ತದೋ ಅಲ್ಲಿ ಗಾಳಿ ಬರುತ್ತಿದೆ. ನಮ್ಮ ಎತ್ತರದಲ್ಲಿ ನಿಂತರೆ ಆ ಗಾಳಿ ಗೊತ್ತೇ ಆಗುವುದಿಲ್ಲ. ಬಾಗಿಲಿನ ಅಡಿ, ಹಲಗೆ ಗೋಡೆಯ ಸಂದು, ಕಾಫಿ ಗೋದಾಮಿನ ಶಟರಿನ ಕೆಳಗಿನ ಬೆರಳಗಲದ ಜಾಗ, ಬಹಳ ಸಲ ಸಿಗುವುದು ಇವೇ.

ಸುತ್ತ ತಡೆ ಒಂದೂವರೆ ಅಡಿ ಎತ್ತರಕ್ಕಿದ್ದರೆ ನೆಲದ ಗಾಳಿ ಮರಿಗೆ ತಾಗುವುದಿಲ್ಲ. ತಗಡು, ರಟ್ಟು, ಹಳೇ ಪ್ಲೈವುಡ್ ಯಾವುದೂ ಆದೀತು. ಆದರೆ ದುಂಡಗಿರಲಿ. ಚೌಕವಾದ ಗೂಡಾದರೆ ಹೆದರಿದ ಮರಿಗಳು ಮೂಲೆಗೆ ನುಗ್ಗಿ, ಕೆಳಗಿನವು ಉಸಿರು ಕಟ್ಟಿ ಸಾಯುತ್ತವೆ. ಮೂಲೆ ಇದ್ದರೆ ರಟ್ಟು ಬಗ್ಗಿಸಿ ಮುಚ್ಚಿ. 50 ಮರಿಗೆ ನಾಲ್ಕಡಿ ಅಗಲದ ದುಂಡು ಮೊದಲ ವಾರಕ್ಕೆ ಸಾಕು, ಆಮೇಲೆ ಹಿಗ್ಗಿಸುತ್ತಾ ಹೋಗಿ.

ಥರ್ಮಾಮೀಟರ್ ಸರಿ ಹೇಳುತ್ತದೆ, ಮರಿ ಮಾತ್ರ ನಡುಗುತ್ತದೆ

ಕೊಡಗಿನ ಮಳೆಗಾಲದ ನಿಜವಾದ ದೋಷ ಇದು. ಬೇರೆ ಊರಿನ ಸಲಹೆ ನಮ್ಮಲ್ಲಿ ಸೋಲುವುದೂ ಇಲ್ಲೇ.

ಮೊದಲು ಥರ್ಮಾಮೀಟರ್ ಎಲ್ಲಿ ಕಟ್ಟಿದ್ದೀರಿ ನೋಡಿ. ಗೋಡೆಗೆ ಕಟ್ಟಿದ್ದರೆ ಅದು ಗೋಡೆಯ ಕತೆ ಹೇಳುತ್ತದೆ. ಬಲ್ಬಿನ ನೇರ ಕೆಳಗಿದ್ದರೆ ಬಲ್ಬಿನದ್ದು. ಅದರ ತುದಿ ಇರಬೇಕಾದ್ದು ಹೊಟ್ಟಿನಿಂದ ಎರಡು ಇಂಚು ಮೇಲೆ, ಬಲ್ಬಿನ ಬಿಸಿ ಬೀಳುವ ವೃತ್ತದ ಅಂಚಿನಲ್ಲಿ. ಅಲ್ಲಿಯೂ 34 ಡಿಗ್ರಿ ತೋರಿಸುತ್ತಿದ್ದು ಮರಿ ನಡುಗುತ್ತಿದ್ದರೆ, ಹೊಟ್ಟಿಗೆ ಕೈ ಹಾಕಿ.

ಮೇಲಿನದ್ದಲ್ಲ, ಅಡಿಯ ಹೊಟ್ಟು ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಚುಕಿ, ಕೈ ಬಿಡಿಸಿ. ಪುಡಿಪುಡಿಯಾಗಿ ಉದುರಿದರೆ ಒಣಗಿದೆ. ಉಂಡೆಯಾಗಿ ನಿಂತರೆ ಒದ್ದೆ. ಒದ್ದೆ ಹೊಟ್ಟಿನಲ್ಲಿರುವ ನೀರು ಆವಿಯಾಗಲು ಶಾಖ ಬೇಕು. ಆ ಶಾಖವನ್ನು ಅದು ಬಲ್ಬಿನಿಂದಲೂ ಎಳೆಯುತ್ತದೆ, ಮೇಲೆ ಮಲಗಿದ ಮರಿಯ ಹೊಟ್ಟೆಯಿಂದಲೂ ಎಳೆಯುತ್ತದೆ. ಮರಿಯ ತುಪ್ಪಳ ಒಣಗಿದ್ದಾಗ ಎಳೆಗಳ ನಡುವೆ ಬಿಸಿ ಗಾಳಿ ಹಿಡಿದಿಟ್ಟುಕೊಳ್ಳುತ್ತದೆ. ನೆನೆದರೆ ಮೈಗೆ ಅಂಟುತ್ತದೆ, ಆಮೇಲೆ ಅದು ಹೊದಿಕೆಯೇ ಅಲ್ಲ. ಅದಕ್ಕೇ ಹೊಟ್ಟೆಯ ಅಡಿ ನೋಡಿ ಎನ್ನುವುದು. ಬೆನ್ನು ಚೆಂದ ಒಣಗಿ ಕಾಣುತ್ತಿದ್ದರೂ ಹೊಟ್ಟೆಯ ಅಡಿಯ ತುಪ್ಪಳ ಎಳೆಎಳೆಯಾಗಿ ಅಂಟಿಕೊಂಡು, ನಡುವೆ ಕೆಂಪು ಚರ್ಮ ಕಾಣುತ್ತಿದ್ದರೆ ಆ ಮರಿ ರಾತ್ರಿಯೆಲ್ಲ ಒದ್ದೆಯಲ್ಲಿ ಕೂತಿದೆ.

ಒದ್ದೆ ಎಲ್ಲಿಂದ ಬಂತು? ನೀರಿನ ಡ್ರಿಂಕರ್ ಓರೆಯಾಗಿದ್ದರೆ ಸದಾ ತೊಟ್ಟಿಕ್ಕುತ್ತಿರುತ್ತದೆ. ಅದನ್ನು ಹೊಟ್ಟಿನ ಮೇಲೆ ಇಡದೆ ಸಮನಾದ ಹಲಗೆ ತುಂಡಿನ ಮೇಲಿಡಿ, ಅಂಚು ಮರಿಯ ಬೆನ್ನಿನ ಮಟ್ಟಕ್ಕೆ ಬರಲಿ. ಅಗಲ ತಟ್ಟೆಯಲ್ಲಿ ನೀರಿಡುವುದಾದರೆ ಒಳಗೆ ಸಣ್ಣ ಕಲ್ಲು ತುಂಬಿ, ಇಲ್ಲದಿದ್ದರೆ ಮರಿ ಒಳಗೇ ಇಳಿದು ನೆನೆಯುತ್ತದೆ. ಎರಡನೆಯದು ನೆಲ. ಜಡಿಮಳೆ ಹಿಡಿದಾಗ ಹಳೇ ಮನೆಗಳ ನೆಲ ಕೆಳಗಿನಿಂದಲೇ ನೀರು ಜಿನುಗಿಸುತ್ತದೆ. ಅಂಥ ಜಾಗದಲ್ಲಿ ಎಷ್ಟು ಹೊಟ್ಟು ಬದಲಿಸಿದರೂ ಅಷ್ಟೇ. ಗೂಡನ್ನು ಮಂಚದ ಎತ್ತರಕ್ಕೆ ಹಲಗೆಯ ಮೇಲೇರಿಸಿ, ಅಥವಾ ಜಾಗ ಬದಲಿಸಿ. ಮೂರನೆಯದು ಹೊಟ್ಟೇ ಮೊದಲಿನಿಂದ ಒದ್ದೆ ಇರುವುದು. ಮಿಲ್ಲಿನ ಹೊರಗೆ ರಾಶಿ ಹಾಕಿದ್ದನ್ನು ಕಕ್ಕಡದ (ಜುಲೈ, ಆಗಸ್ಟ್ ಹೊತ್ತಿನ ಕೊಡವ ತಿಂಗಳು) ಮಳೆಯಲ್ಲಿ ತುಂಬಿ ತಂದರೆ ಒಣಗಿದ್ದು ಸಿಗುವುದಾದರೂ ಹೇಗೆ? ಮೇ ತಿಂಗಳ ಬಿಸಿಲಿನಲ್ಲೇ ಒಣಗಿಸಿ ಚೀಲ ಕಟ್ಟಿ ಅಟ್ಟದಲ್ಲಿಟ್ಟುಕೊಳ್ಳಿ.

ಕಾಫಿ ಸಿಪ್ಪೆ ಹಾಸಬಹುದಾ ಎಂದು ತುಂಬಾ ಜನ ಕೇಳುತ್ತಾರೆ, ತೋಟದಲ್ಲಿ ಬಿಟ್ಟಿ ಸಿಗುತ್ತದಲ್ಲ. ಹೂಮರಿಗೆ ಬೇಡ ಎನ್ನುತ್ತೇನೆ. ತೇವ ಹಿಡಿದುಕೊಂಡು ಬೇಗ ಬೂಷ್ಟು ಕಟ್ಟುತ್ತದೆ. ಬೂಷ್ಟು ಹಿಡಿದ ಹಾಸಿನ ಧೂಳು ಒಳಗೆ ಹೋದರೆ ಮರಿಗೆ ಶ್ವಾಸಕೋಶದ ರೋಗ ಬರುತ್ತದೆ, ಬಾಯಿ ತೆರೆದು ಉಸಿರಾಡುತ್ತಾ ಸಾಯುತ್ತವೆ. ಮುಗ್ಗಲು ವಾಸನೆ ಬರುವ ಹೊಟ್ಟು, ಮರದ ಹೊಟ್ಟು, ಯಾವುದಕ್ಕೂ ಇದೇ ಮಾತು.

ಮತ್ತೆ ಟಾರ್ಪಾಲ್. ಚಳಿ ಎಂದು ಗೂಡನ್ನು ನಾಲ್ಕೂ ಕಡೆ, ಮೇಲೂ ಸೇರಿಸಿ ಬಿಗಿಯಾಗಿ ಮುಚ್ಚುತ್ತಾರೆ. ಒಳಗಿನ ಉಸಿರಿನ ಆವಿ, ಹಿಕ್ಕೆಯ ಆವಿ ಹೊರಗೆ ಹೋಗಲು ದಾರಿಯಿಲ್ಲ. ಬೆಳಿಗ್ಗೆ ಟಾರ್ಪಾಲಿನ ಒಳಮೈ ಮುಟ್ಟಿದರೆ ನೀರಿಳಿಯುತ್ತಿರುತ್ತದೆ. ಆ ನೀರು ಮತ್ತೆ ಹೊಟ್ಟಿಗೇ ಬೀಳುತ್ತದೆ. ನೀವು ಮೊಣಕಾಲೂರಿ ಮೂಗನ್ನು ಮರಿಯ ಎತ್ತರಕ್ಕೆ ತಂದಾಗ ಕಣ್ಣು ಉರಿದರೆ, ಮೂಗಿಗೆ ಘಾಟು ಹೊಡೆದರೆ ಅದು ಅಮೋನಿಯಾ. ಮರಿಗಳು ಇಡೀ ದಿನ ಅದನ್ನೇ ಉಸಿರಾಡುತ್ತಿವೆ. ಕೆಳಗೆ ಗಾಳಿ ತಡೆಯಬೇಕು, ಮೇಲೆ ಗಾಳಿ ಬಿಡಬೇಕು. ಪರದೆಯನ್ನು ಕೆಳಗಿನಿಂದ ಕಟ್ಟಿ, ಮಾಡಿನ ಹತ್ತಿರ ಒಂದು ಗೇಣು ತೆರೆದಿಡಿ. ಸ್ವಲ್ಪ ಕಾವು ಹೋಗುತ್ತದೆ, ಹೋಗಲಿ. ಒಣಗಿದ ಗೂಡಿನಲ್ಲಿ 32 ಡಿಗ್ರಿ ಇದ್ದರೂ ಮರಿ ಓಡಾಡಿಕೊಂಡಿರುತ್ತದೆ, ಒದ್ದೆ ಗೂಡಿನಲ್ಲಿ 35 ಇದ್ದರೂ ಮುದುಡುತ್ತದೆ.

ಬಾಯಿ ತೆರೆದು ದೂರ ಕೂತಿದ್ದರೆ

ಬಲ್ಬ್ ಏರಿಸಿ, ಅಥವಾ ಒಂದನ್ನು ಆರಿಸಿ. ಇದು ಮಾರ್ಚ್, ಏಪ್ರಿಲ್‌ನಲ್ಲಿ ಶೀಟಿನ ಮಾಡಿನ ಕೆಳಗೆ ಜಾಸ್ತಿ. ಬೆಳಿಗ್ಗೆ ಚಳಿ ಇತ್ತೆಂದು ಹಾಕಿದ ಬಲ್ಬನ್ನು ಮಧ್ಯಾಹ್ನ ಮರೆತಿರುತ್ತಾರೆ. ಗೂಡಿನಲ್ಲಿ ಯಾವಾಗಲೂ ಒಂದು ಬಿಸಿ ಜಾಗ, ಒಂದು ತಂಪು ಜಾಗ ಇರಬೇಕು. ಮರಿ ತನಗೆ ಬೇಕಾದ್ದನ್ನು ತಾನೇ ಹುಡುಕಿಕೊಳ್ಳುತ್ತದೆ.

ಬೆಳಿಗ್ಗೆ ನೋಡಿದರೆ ರಾಶಿ ಬಿದ್ದು ಸತ್ತಿದ್ದರೆ

ಕೆಳಗಿನ ಮರಿಗಳು ಚಪ್ಪಟೆಯಾಗಿ, ಮೈ ಬೆವರಿದಂತೆ ಒದ್ದೆಯಾಗಿ ಸತ್ತಿದ್ದರೆ ರಾತ್ರಿ ಕರೆಂಟ್ ಹೋಗಿತ್ತು ಎಂದೇ ತಿಳಿಯಿರಿ. ಮರಿಗಳು ಕಾವಿಗಾಗಿ ಒಂದರ ಮೇಲೊಂದು ಹತ್ತಿವೆ, ಅಡಿಯವಕ್ಕೆ ಉಸಿರು ಕಟ್ಟಿದೆ. ಮಳೆಗಾಲದಲ್ಲಿ ಸಿಲ್ವರ್ ಓಕ್ ಕೊಂಬೆ ಲೈನಿನ ಮೇಲೆ ಬಿದ್ದರೆ ಒಂದೆರಡು ದಿನ ಕರೆಂಟ್ ಇಲ್ಲದಿರುವುದು ನಮಗೆ ಹೊಸದಲ್ಲ. ಕರೆಂಟಿಲ್ಲದ ರಾತ್ರಿಗೆ ಏನು ಎಂಬ ಉತ್ತರ ಸಿಗದೆ ಜೂನ್, ಜುಲೈನಲ್ಲಿ ಮರಿ ತರಬೇಡಿ.

ನಮ್ಮ ಮನೆಗಳಲ್ಲಿ ಆ ಉತ್ತರ ಬಚ್ಚಲಿನಲ್ಲೇ ಇದೆ. ಹಂಡೆ ಒಲೆ. ಸೌದೆ ಉರಿ ಆರಿದರೂ ಹಂಡೆಯ ನೀರು ರಾತ್ರಿ ಬಹಳ ಹೊತ್ತು ಬಿಸಿ ಇರುತ್ತದೆ. ಐದು ಲೀಟರಿನ ದಪ್ಪ ಕ್ಯಾನ್ ಅಥವಾ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಬಿಸಿನೀರು ತುಂಬಿ, ಹಳೇ ಪಂಚೆಯಲ್ಲಿ ಎರಡು ಸುತ್ತು ಸುತ್ತಿ ಗೂಡಿನ ನಡುವೆ ಇಡಿ. ತೆಳು ನೀರಿನ ಬಾಟಲಿ ಬೇಡ, ಬಿಸಿಗೆ ಮುದುಡಿ ಸೋರುತ್ತದೆ. ಗೂಡಿನ ಮೇಲೆ ಅರ್ಧ ಭಾಗಕ್ಕೆ ಕಂಬಳಿ ಹೊದಿಸಿ. ಎರಡು ಮೂರು ಗಂಟೆಗೊಮ್ಮೆ ನೀರು ಬದಲಿಸಬೇಕು, ಒಂದು ಕ್ಯಾನ್ ಒಳಗಿರುವಾಗಲೇ ಇನ್ನೊಂದು ತುಂಬಿ ತನ್ನಿ. ನಿದ್ದೆ ಕೆಡುತ್ತದೆ, ನಿಜ. ಆದರೆ ಬೆಂಕಿಯ ಭಯವಿಲ್ಲ, ವಿಷಗಾಳಿಯ ಭಯವಿಲ್ಲ.

ಇನ್ವರ್ಟರ್ ಇದ್ದವರು ಲೆಕ್ಕ ಹಾಕಿಕೊಳ್ಳಿ. 12 ವೋಲ್ಟಿನ, 150 ಆಂಪಿಯರ್-ಅವರ್ ಬ್ಯಾಟರಿ ಹೊಸದಾಗಿದ್ದರೆ ಎರಡು 60 ವಾಟಿನ ಬಲ್ಬನ್ನು ಎಂಟು ಗಂಟೆ ನಡೆಸಬಲ್ಲದು. ಟಿವಿ, ಫ್ಯಾನ್ ಎಲ್ಲ ಅದರಲ್ಲೇ ಓಡಿದರೆ ನಡುರಾತ್ರಿಯೇ ಕೈ ಕೊಡುತ್ತದೆ.

ಕೆಂಡ ಇಡುವುದರ ಬಗ್ಗೆ

ಮಡಕೆಯಲ್ಲಿ ಇದ್ದಿಲ ಕೆಂಡ ಇಟ್ಟು ಕಾವು ಕೊಡುವುದು ಹಳೇ ಪದ್ಧತಿ. ಹಳೇ ಮನೆಗಳಲ್ಲಿ ಅದು ನಡೆಯಿತು, ಏಕೆಂದರೆ ಹೆಂಚಿನ ಸಂದಿಯಿಂದ ಗಾಳಿ ಆಡುತ್ತಿತ್ತು. ಇವತ್ತಿನ ಸಿಮೆಂಟ್ ಕೋಣೆಯಲ್ಲಿ ಬಾಗಿಲು ಮುಚ್ಚಿ ಕೆಂಡ ಇಟ್ಟರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮರಿಗಳು ಕಿರುಚುವುದಿಲ್ಲ, ಮಂಪರು ಹಿಡಿದು ಮಲಗಿದಲ್ಲೇ ಸಾಯುತ್ತವೆ. ಅದೇ ಕೋಣೆಯಲ್ಲಿ ಮಲಗಿದ ಮನುಷ್ಯರಿಗೂ ಅದೇ ಗತಿ. ತೋಟದ ಕೆಲಸದವರ ಲೈನ್ ಮನೆಯ ಒಂದೇ ಕೋಣೆಯಲ್ಲಿ ಮಕ್ಕಳೂ ಮರಿಗಳೂ ಇರುವಾಗ ದಯವಿಟ್ಟು ಕೆಂಡ ಇಡಬೇಡಿ. ಗೂಡಿನ ಹತ್ತಿರ ಹೋದಾಗ ತಲೆ ಸಿಡಿಯುವುದು, ವಾಕರಿಕೆ ಬರುವುದು ಆದರೆ ಮೊದಲು ಎಲ್ಲರೂ ಹೊರಗೆ ಬನ್ನಿ, ಬಾಗಿಲು ಕಿಟಕಿ ತೆರೆಯಿರಿ, ಕಾರಣ ಆಮೇಲೆ ಹುಡುಕೋಣ. ಗ್ಯಾಸ್ ಉರಿಸಿ ಮರಿಗೆ ಕಾವು ಕೊಡುವ ಗ್ಯಾಸ್ ಬ್ರೂಡರಿಗೂ ಇದೇ ಎಚ್ಚರಿಕೆ, ಮೇಲೆ ಗಾಳಿಗೆ ದಾರಿ ಇಲ್ಲದೆ ಅದನ್ನು ಹಚ್ಚಬಾರದು.

ಬೆಂಕಿ ಮತ್ತು ಶಾಕ್

ಹೊಟ್ಟು, ರಟ್ಟು, ಬಿದಿರು, ಗೋಣಿ, ಗೂಡಿನಲ್ಲಿರುವುದೆಲ್ಲ ಉರಿಯುವ ಸಾಮಾನೇ. ಬಲ್ಬನ್ನು ಅದರ ವೈರಿನಿಂದಲೇ ನೇತು ಹಾಕಬೇಡಿ. ಒಂದು ಸರಪಳಿ ಅಥವಾ ಗಟ್ಟಿ ತಂತಿ ಭಾರ ಹೊರಬೇಕು, ಅದು ಬಿಟ್ಟರೆ ಹಿಡಿಯಲು ಇನ್ನೊಂದು ಕಟ್ಟು ಇರಬೇಕು. ಬಲ್ಬಿನ ಸುತ್ತ ತಂತಿ ಬಲೆ ಇರಲಿ. ಬಿದಿರ ಮಂಕರಿಯನ್ನು ಬೋರಲು ಹಾಕಿ ಒಳಗೆ ಬಲ್ಬ್ ಇಡುವವರು ಬಿದಿರಿಗೂ ಗಾಜಿಗೂ ನಡುವೆ ಒಂದು ಗೇಣು ಬಿಡಲೇಬೇಕು. ಮಂಕರಿ ಮೇಲೆ ಗೋಣಿ ಹೊದಿಸುವುದು ಬೇಡ. 250 ವಾಟಿನ ಬಲ್ಬಿಗೆ ಪಿಂಗಾಣಿ ಹೋಲ್ಡರೇ ಬೇಕು, ಪ್ಲಾಸ್ಟಿಕ್ ಹೋಲ್ಡರ್ ಕರಗಿ ಬಲ್ಬ್ ಕೆಳಗೆ ಬೀಳುತ್ತದೆ. ಹೋಲ್ಡರಿನ ಬುಡ ಕಪ್ಪಾಗಿದ್ದರೆ, ಸುಟ್ಟ ವಾಸನೆ ಬಂದರೆ ಆಗಲೇ ಬದಲಿಸಿ. ಎಕ್ಸ್‌ಟೆನ್ಶನ್ ಬಾಕ್ಸ್ ನೆಲದ ಮೇಲೆ ಬೇಡ, ಗೋಡೆಗೆ ಹೊಡೆಯಿರಿ. ಒದ್ದೆ ಕಾಲಲ್ಲಿ ಹೋಲ್ಡರ್ ಮುಟ್ಟುವ ಜಾಗ ಅದು, ಹಾಗಾಗಿ ಆ ಲೈನಿಗೆ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ತಾನೇ ಆರುವ ಸ್ವಿಚ್) ಹಾಕಿಸಿದರೆ ಜೀವ ಉಳಿಯುತ್ತದೆ.

ಆನ್‌ಲೈನಿನಲ್ಲಿ ಒಡೆಯದ ಬಲ್ಬ್ ಎಂದು ಮಾರುವುದರಲ್ಲಿ ಕೆಲವಕ್ಕೆ ಟೆಫ್ಲಾನ್ ಲೇಪ ಇರುತ್ತದೆ. ಅದು ಕಾದಾಗ ಬರುವ ಆವಿ ಹಕ್ಕಿಗಳಿಗೆ ವಿಷ. ಮರಿ ಬುಟ್ಟಿಯನ್ನು ಅಡುಗೆ ಮನೆಯಲ್ಲಿಡುವವರು ನಾನ್‌ಸ್ಟಿಕ್ ತವ ಖಾಲಿ ಕಾಯಲು ಬಿಡಬಾರದು, ಕಾರಣ ಇದೇ.

ಬೆಂಕಿಯ ಭಯ ಕಡಿಮೆ ಇರುವುದು ಬೇಕೆಂದರೆ ಈಗ ಕಾಲು ಹಾಕಿದ ಬಿಸಿ ತಟ್ಟೆಯಂಥ ಬ್ರೂಡರ್ ಪ್ಲೇಟ್ ಸಿಗುತ್ತದೆ, ಮರಿಗಳು ಅದರ ಅಡಿಗೆ ಹೋಗಿ ಬೆನ್ನು ತಾಗಿಸಿ ಮಲಗುತ್ತವೆ. ಕರೆಂಟ್ ಕಡಿಮೆ ಎಳೆಯುತ್ತದೆ, ಇನ್ವರ್ಟರಿನಲ್ಲಿ ರಾತ್ರಿಯಿಡೀ ನಡೆಯುತ್ತದೆ. ದುಡ್ಡು ಜಾಸ್ತಿ, ಮತ್ತು ಸುತ್ತಲ ಗಾಳಿಯನ್ನು ಅದು ಬಿಸಿ ಮಾಡುವುದಿಲ್ಲ. 20, 25 ಮರಿಗೆ ಒಳ್ಳೆಯದು.

ಎಲ್ಲಕ್ಕಿಂತ ಸುರಕ್ಷಿತ ಕಾವು ಹೇಂಟೆಯದ್ದೇ. ಕಾವಿಗೆ ಕೂತ ನಾಟಿ ಹೇಂಟೆ ಇದ್ದರೆ, ತಂದ ಹೂಮರಿಗಳನ್ನು ಕತ್ತಲಾದ ಮೇಲೆ ಒಂದೊಂದಾಗಿ ಅದರ ರೆಕ್ಕೆಯಡಿಗೆ ಸರಿಸಿ. ಹತ್ತು ಹನ್ನೆರಡು ಮರಿಯನ್ನು ಅದು ಮುಚ್ಚಿಕೊಳ್ಳುತ್ತದೆ. ಬೆಳಿಗ್ಗೆ ಹತ್ತಿರವೇ ಇದ್ದು ನೋಡಿ, ಕುಕ್ಕಿದರೆ ಬೇರೆ ಮಾಡಿ. ಒಪ್ಪಿಕೊಂಡರೆ ಕರೆಂಟಿನ ಚಿಂತೆ ಮುಗಿಯಿತು.

ಕಾವಿನದ್ದಲ್ಲದ ತೊಂದರೆ

ಹಿಂಭಾಗಕ್ಕೆ ಹಿಕ್ಕೆ ಮೆತ್ತಿ ಮುಚ್ಚಿಕೊಂಡಿದ್ದರೆ ಅದು ದಾರಿಯಲ್ಲಿ ಥಂಡಿಯೋ ಸೆಖೆಯೋ ತಾಗಿದ್ದರ ಗುರುತು. ಉಗುರು ಬೆಚ್ಚಗಿನ ನೀರಿನಲ್ಲಿ ಹತ್ತಿ ಅದ್ದಿ ಮೆತ್ತಗೆ ಮಾಡಿ ತೆಗೆಯಿರಿ, ಪೂರ್ತಿ ಒಣಗಿಸಿಯೇ ಗೂಡಿಗೆ ಬಿಡಿ. ಹೊಟ್ಟೆಯ ನಡುವೆ ಒಣಗಿದ ಹೊಕ್ಕುಳ ತುಂಡು ಇದ್ದರೆ ಅದನ್ನು ಎಳೆಯಬೇಡಿ, ಎಳೆದರೆ ಕರುಳಿಗೇ ಅಪಾಯ. ಕಾಲು ಎರಡೂ ಕಡೆಗೆ ಜಾರುತ್ತಿದ್ದರೆ ನುಣುಪು ಪೇಪರ್ ತೆಗೆದು ಗೋಣಿ ಹಾಸಿ. ಒಂದನ್ನೊಂದು ಕುಕ್ಕುತ್ತಿದ್ದರೆ ಬೆಳಕು ಜಾಸ್ತಿ ಅಥವಾ ಜಾಗ ಕಡಿಮೆ, ಕೆಂಪು ಬಲ್ಬ್ ಹಾಕಿ ಗೂಡು ಹಿಗ್ಗಿಸಿ.

ಕಾವು ಸರಿ ಇದೆ, ಹೊಟ್ಟು ಒಣಗಿದೆ, ಗಾಳಿ ಇಲ್ಲ, ಆದರೂ ಸಾವು ನಿಲ್ಲದಿದ್ದರೆ ಅದು ರೋಗ. ಮೂರನೇ ವಾರದ ಹೊತ್ತಿಗೆ ಹಿಕ್ಕೆಯಲ್ಲಿ ರಕ್ತ ಕಂಡರೆ ರಕ್ತಭೇದಿ ಇರಬಹುದು. ಹೊಟ್ಟೆ ಊದಿ ಹೊಕ್ಕುಳು ನಾರುತ್ತಿದ್ದರೆ ಸೋಂಕು ಮೊಟ್ಟೆಯ ಹಂತದಿಂದಲೇ ಬಂದಿದೆ. ಕತ್ತು ತಿರುಚುವುದು, ಹಸಿರು ಭೇದಿ, ಗೊರಗೊರ ಉಸಿರು ಇದ್ದರೆ ಕೊಕ್ಕರೆ ರೋಗದ (ರಾಣಿಖೇತ್) ಸಂಶಯ ಪಡಬೇಕು. ಆಗಷ್ಟೇ ಸತ್ತ ಎರಡು ಮರಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಪಶು ಆಸ್ಪತ್ರೆಗೆ ಒಯ್ಯಿರಿ. ಕೊಳೆತದ್ದು ತಂದರೆ ಡಾಕ್ಟರಿಗೂ ಏನೂ ಗೊತ್ತಾಗುವುದಿಲ್ಲ. ಅಂದಾಜಿನ ಮೇಲೆ ಆ್ಯಂಟಿಬಯೋಟಿಕ್ ಪುಡಿ ನೀರಿಗೆ ಬೆರೆಸಬೇಡಿ. ಥಂಡಿ ತಾಗಿದ ಮರಿಗೆ ಅದು ಏನೂ ಮಾಡುವುದಿಲ್ಲ.

ಕಾವು ಬಿಡಿಸುವಾಗ

ನಾಲ್ಕನೇ ವಾರಕ್ಕೆ ಬೆನ್ನು, ರೆಕ್ಕೆಗೆ ಗರಿ ಬಂದಿರುತ್ತದೆ. ಎದೆ ಹೊಟ್ಟೆಗೆ ಇನ್ನೂ ತುಪ್ಪಳವೇ ಇದ್ದರೆ ಕಾಯಿರಿ. ಒಂದೇ ಸಲ ತೆಗೆಯಬೇಡಿ. ಮೊದಲು ಹಗಲು ಆರಿಸಿ, ಎರಡು ಮೂರು ದಿನ ನೋಡಿ ಸಂಜೆಯೂ ಆರಿಸಿ, ಬೆಳಗಿನ ಜಾವದ ಥಂಡಿಗೆ ಮಾತ್ರ ಕೊನೆಯ ತನಕ ಬಲ್ಬ್ ಇರಲಿ. ಬೇಸಿಗೆಯಲ್ಲಿ ನಾಲ್ಕು ವಾರಕ್ಕೆ ಮುಗಿಯುವ ಕೆಲಸ ಮಳೆಗಾಲದಲ್ಲಿ, ಡಿಸೆಂಬರ್ ಚಳಿಯಲ್ಲಿ ಆರು ವಾರ ಹಿಡಿಯಬಹುದು. ಬಲ್ಬ್ ಆರಿಸಿದ ಮೊದಲ ರಾತ್ರಿ ಹತ್ತು ಗಂಟೆಗೆ ಹೋಗಿ ನೋಡಿ. ಪಕ್ಕಪಕ್ಕ ಒತ್ತಿಕೊಂಡು ಸುಮ್ಮನೆ ಮಲಗಿದ್ದರೆ ತೊಂದರೆಯಿಲ್ಲ. ಒಂದರ ಮೇಲೊಂದು ಹತ್ತುತ್ತಿದ್ದರೆ ಒಂದು ಬಲ್ಬ್ ಮತ್ತೆ ಹಾಕಿ, ವಾರ ಬಿಟ್ಟು ನೋಡಿ. ಹಾಗೆ ವಾಪಸ್ ಹಾಕುವಾಗ ಹೊಟ್ಟನ್ನೂ ಒಮ್ಮೆ ಹಿಚುಕಿ ನೋಡಿಬಿಡಿ.